ಉಳಿದದ್ದನ್ನು ಚೆಲ್ಲದ ಮನೆ

ಹೊಸ ಹಲ್ಲಿ ಬರುವ ದಿನ ಸೊಸೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೇಕರಿಯಲ್ಲಿ ಬ್ರೆಡ್ಡಿನ ಹಿಟ್ಟಿಗೆ ಉಪ್ಪು ಹಾಕುವುದನ್ನೇ ಮರೆತು ಮಾಲೀಕನ ಕೈಲಿ ಬೈಸಿಕೊಂಡಳು, ಬೈಸಿಕೊಳ್ಳುತ್ತಲೇ ನಕ್ಕಳು. ಸಂಜೆ ತೂತು ಕೊರೆದ ಡಬ್ಬಿಯನ್ನು ಎದೆಗೆ ಅವಚಿಕೊಂಡು ಮನೆಗೆ ಬಂದಾಗ ಚಪ್ಪಲಿ ಬಿಡಲೂ ಅವಳಿಗೆ ಪುರಸೊತ್ತಿರಲಿಲ್ಲ.

“ಅತ್ತೆ, ಬನ್ನಿ ಬನ್ನಿ! ಬಂದಳು!”

ಅತ್ತೆ ಮೂಗು ಮುಚ್ಚಿಕೊಂಡು ಅಡುಗೆಮನೆಯ ಬಾಗಿಲಲ್ಲೇ ನಿಂತರು. “ಇರೋ ಒಂದು ಹಲ್ಲಿ ಸಾಲದು ಅಂತ ಇನ್ನೊಂದಾ? ಊರವರೆಲ್ಲ ಪೊರಕೆ ಹಿಡ್ಕೊಂಡು ಹಲ್ಲಿ ಓಡಿಸ್ತಾರೆ. ನನ್ನ ಸೊಸೆ ಬಸ್ಸಲ್ಲಿ ಟಿಕೆಟ್ ತೆಗೆಸಿ ಕರ್ಕೊಂಡು ಬರ್ತಾಳೆ.”

ಇರುವ ಒಂದು ಹಲ್ಲಿ ಎಂದರೆ ದೊರೆ. ಗೇಣುದ್ದದ ಹಳದಿ ಮೈ, ಮೈತುಂಬ ಕಪ್ಪು ಚುಕ್ಕೆ. ಗೋಡೆ ಹತ್ತಲು ಬಾರದ ಜಾತಿ. ಗಾಜಿನ ಪೆಟ್ಟಿಗೆಯಲ್ಲಿ ಗತ್ತಿನಿಂದ ಕೂತು, ಹೋಗಿ ಬರುವವರನ್ನು ನೋಡಿ ರೆಪ್ಪೆ ಮಿಟುಕಿಸುವುದೇ ಅವನ ಉದ್ಯೋಗ. ಮದುವೆಯಾಗಿ ಈ ಮನೆಗೆ ಬಂದಾಗ ಸೊಸೆಯ ಒಂದು ಕೈಯಲ್ಲಿ ಬಟ್ಟೆಯ ಸೂಟ್‌ಕೇಸ್ ಇತ್ತು, ಇನ್ನೊಂದರಲ್ಲಿ ದೊರೆ ಇದ್ದ. ಈ ಹಲ್ಲಿಗಳಿಗೆ ಬಾಲವೇ ಉಗ್ರಾಣ, ತಿಂದದ್ದು ಕೊಬ್ಬಾಗಿ ಅಲ್ಲೇ ಸೇರುತ್ತದೆ. ದೊರೆಯ ಬಾಲ ಹೆಬ್ಬೆರಳಿಗಿಂತ ದಪ್ಪ. ಆ ವಿಷಯದಲ್ಲಿ ಸೊಸೆಗೆ ಜಂಬವೂ ಇತ್ತು.

ಹೊಸಬಳು ದೊರೆಯ ಮುಖವನ್ನೂ ನೋಡದೆ ನೇರ ಮಹಡಿಯ ಕೋಣೆ ಸೇರಿದಳು. ಪ್ರಾಣಿಗಳ ಡಾಕ್ಟರಮ್ಮ ಮೊದಲೇ ಕಟ್ಟುನಿಟ್ಟಾಗಿ ಹೇಳಿದ್ದರು. “ನೋಡೋಕೆ ಗಟ್ಟಿಮುಟ್ಟಾಗೇ ಇರ್ತವೆ, ಹೊಟ್ಟೆಯೊಳಗೆ ಏನಿದೆ ಅಂತ ಯಾರಿಗೆ ಗೊತ್ತು? ಮೂರು ತಿಂಗಳು ಕ್ವಾರಂಟೈನ್. ಬೇರೆ ಕೋಣೆ, ಬೇರೆ ಬಟ್ಟಲು, ಬೇರೆ ಚಿಮಟ. ಮೊದಲು ಹಳಬನ ಕೆಲಸ ಮುಗಿಸಿ, ಆಮೇಲೆ ಇವಳ ಹತ್ತಿರ ಹೋಗಿ. ಇವಳ ಪೆಟ್ಟಿಗೆಯಿಂದ ಒಂದು ಕಡ್ಡಿಯೂ ಕೆಳಗೆ ಬರಬಾರದು. ಹಿಕ್ಕೆ ಹಾಕಿದ ಕೂಡಲೇ ನನಗೆ ತಂದುಕೊಡಿ.”

ಸೊಸೆ ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ಮಹಡಿಗೆಂದೇ ಬೇರೆ ಚಪ್ಪಲಿ, ಬೇರೆ ಏಪ್ರನ್ ಇಟ್ಟಳು. ಪೆಟ್ಟಿಗೆಯಲ್ಲಿ ಬಿಳಿ ಟಿಶ್ಯೂ ಹಾಸಿ, ಅಡಗಿಕೊಳ್ಳಲು ಒಂದು ಪ್ಲಾಸ್ಟಿಕ್ ಡಬ್ಬವನ್ನು ಬಾಗಿಲು ಕತ್ತರಿಸಿ ಬೋರಲು ಹಾಕಿದಳು. ಎಲೆಕ್ಟ್ರಿಷಿಯನ್ ಗಂಡ ಪೆಟ್ಟಿಗೆಯ ಅಡಿಗೆ ಬಿಸಿಪಟ್ಟಿ ಜೋಡಿಸಿ, “ಗಂಡನ ಹಾಸಿಗೆ ತಣ್ಣಗಿದ್ರೂ ಪರವಾಗಿಲ್ಲ, ಅಲ್ವಾ?” ಎಂದು ಗೊಣಗಿದ. ಅವಳು ಕೇಳಿಸಿಕೊಳ್ಳಲೇ ಇಲ್ಲ. ನಡುವೆ ಗಾಜಿನ ಗೋಡೆ ಇರುವ ಜೋಡಿಮನೆಯ ಚಿತ್ರ ಆಗಲೇ ಅವಳ ತಲೆಯಲ್ಲಿ ಕುಣಿಯುತ್ತಿತ್ತು. ಈಚೆ ದೊರೆ, ಆಚೆ ಹೊಸಬಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುವ ಆ ದಿನಕ್ಕೆ ಅವಳು ತುದಿಗಾಲಲ್ಲಿ ನಿಂತಿದ್ದಳು.

ಬೇಕರಿಯಲ್ಲಿ ಹಿಟ್ಟಿನೊಳಗೆ ಒಂದು ಹುಳ ಕಂಡರೆ ಇಡೀ ಚೀಲ ಹೊರಗೆಸೆಯುವ ಈ ಮಹಾತಾಯಿ ಮನೆಯಲ್ಲಿ ಡಬ್ಬಿ ತುಂಬ ಹಿಟ್ಟಿನ ಹುಳ ಸಾಕಿದ್ದಳು. ದಿನಾ ಬೆಳಿಗ್ಗೆ ಮಹಡಿಯ ನೀಲಿ ಬಟ್ಟಲಿಗೆ ಒಂದಿಷ್ಟು ಹಾಕಿ ಕೆಲಸಕ್ಕೆ ಓಡುವಳು, ಸಂಜೆ ಬಂದು ನೋಡಿದರೆ ಬಟ್ಟಲು ಖಾಲಿ!

“ರೀ, ಏನು ಹಸಿವು ಅಂತೀರಿ ಇವಳದು! ಒಂದು ಹುಳಾನೂ ಬಿಡಲ್ಲ!”

ಈ ಸಂಭ್ರಮ ಬೇಕರಿಯ ಒಲೆಯವನಿಂದ ಹಿಡಿದು ಬಸ್ಸಿನ ಕಂಡಕ್ಟರನವರೆಗೆ ಎಲ್ಲರಿಗೂ ತಲುಪಿತು. ಒಂದು ರಜೆಯ ದಿನ ಮಹಡಿಯಿಂದ ಕಿರುಚಾಟ ಕೇಳಿ ಗಂಡ ಸ್ಕ್ರೂಡ್ರೈವರ್ ಹಿಡಿದೇ ಮೇಲೆ ಓಡಿದರೆ, ಸೊಸೆ ಟಿಶ್ಯೂವಿನ ಮೂಲೆಯನ್ನು ತೋರಿಸುತ್ತ ಚಪ್ಪಾಳೆ ತಟ್ಟುತ್ತಿದ್ದಳು.

“ಹಾಕಿದಳು ರೀ, ಹಿಕ್ಕೆ ಹಾಕಿದಳು!”

ಅದನ್ನು ಪುಟ್ಟ ಡಬ್ಬಿಗೆ ತುಂಬಿ, ಒಡವೆ ಒಯ್ಯುವಷ್ಟು ಜೋಪಾನವಾಗಿ ಡಾಕ್ಟರಮ್ಮನ ಬಳಿಗೆ ಒಯ್ದಳು. ಡಾಕ್ಟರಮ್ಮ ಸೂಕ್ಷ್ಮದರ್ಶಕದಲ್ಲಿ ನೋಡಿ, ಅವಳಿಗೂ ನೋಡಲು ಜಾಗ ಬಿಟ್ಟರು. ಬೆಳಕಿನ ವೃತ್ತದಲ್ಲಿ ಒಂದಷ್ಟು ಮೊಟ್ಟೆಗಳು ಕಂಡವು.

“ಹೊಟ್ಟೆಹುಳದ್ದು. ಔಷಧಿ ಕೊಡ್ತೀನಿ, ವಾಸಿಯಾಗತ್ತೆ. ದೂರ ಇಟ್ಟು ಒಳ್ಳೇದು ಮಾಡಿದ್ರಿ.”

ಸೊಸೆಗೆ ಬೇಸರವಾಗುವ ಬದಲು ಖುಷಿಯೇ ಆಯಿತು. ಕಳ್ಳ ಮಹಡಿಯಲ್ಲೇ ಸಿಕ್ಕಿಬಿದ್ದ, ದೊರೆ ಬಚಾವಾದ! ಔಷಧಿಯ ಬಾಟಲಿ ಹಿಡಿದು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮನೆಯ ಬಾಗಿಲು ತೆಗೆದಳು.

ದೊರೆಯ ಪೆಟ್ಟಿಗೆಯ ಮುಂದೆ ಅತ್ತೆ ಕುಕ್ಕರಗಾಲಲ್ಲಿ ಕೂತಿದ್ದರು. ಮೂಗು ಮುಚ್ಚಿಕೊಂಡಿರಲಿಲ್ಲ. ಚಾಚಿದ ಅಂಗೈಯಲ್ಲಿ ಒಂದು ಹುಳ ಒದ್ದಾಡುತ್ತಿತ್ತು. “ತಿನ್ನೋ ದೊರೆ, ತಿನ್ನು ಕಂದ,” ಎನ್ನುತ್ತಿದ್ದರು. ದೊರೆ ಅವರ ಅಂಗೈಯನ್ನು ಒಮ್ಮೆ ನೆಕ್ಕಿ, ಹುಳವನ್ನು ಗಬಕ್ಕನೆ ನುಂಗಿದ. ಸೊಸೆಗೆ ಮೊದಲು ನಗು ಉಕ್ಕಿತು. ಆಮೇಲೆ ಅತ್ತೆಯ ಪಕ್ಕದಲ್ಲಿದ್ದ ನೀಲಿ ಬಟ್ಟಲು ಕಣ್ಣಿಗೆ ಬಿತ್ತು.

“ಅತ್ತೆ, ಈ ಬಟ್ಟಲು ಮೇಲಿಂದಲ್ವಾ?”

ಸಿಕ್ಕಿಬಿದ್ದ ನಾಚಿಕೆಗೆ ಅತ್ತೆ ಗದರಿಯೇ ಮಾತಾಡಿದರು. “ಹೌದಮ್ಮ, ಮೇಲಿಂದೇ. ಅವಳು ಅರ್ಧಕ್ಕರ್ಧ ಬಿಡ್ತಾಳೆ. ಚೆಲ್ಲೋಕೆ ಮನಸ್ಸು ಬರಲ್ಲ ನನಗೆ. ನೀನು ಹೋದ ಮೇಲೆ ತಂದು ಇವನಿಗೆ ಕೊಡ್ತೀನಿ.”

“ಯಾವತ್ತಿಂದ?”

“ದಿನಾ.”

ಆ ಮನೆಯಲ್ಲಿ ಉಳಿದದ್ದನ್ನು ಚೆಲ್ಲುವ ಪದ್ಧತಿಯೇ ಇರಲಿಲ್ಲ. ಮಗ ಬಿಟ್ಟದ್ದನ್ನು ತಾಯಿ ತಿನ್ನುವಳು, ನಿನ್ನೆಯದು ಇವತ್ತು ವೇಷ ಬದಲಿಸಿ ತಟ್ಟೆಗೆ ಬರುವುದು. ಹುಳಕ್ಕೂ ಅದೇ ಕಾನೂನು ಅನ್ವಯಿಸುತ್ತದೆಂದು ಸೊಸೆಗೆ ಹೊಳೆದಿರಲೇ ಇಲ್ಲ.

“ಏನು ಮಾಡಿಬಿಟ್ರಿ ಅತ್ತೆ!” ಎಂದು ಅವಳು ಕೂಗಿದಳು. ಬಂದಾಗಿನಿಂದ ಅತ್ತೆಯ ಮೇಲೆ ದನಿ ಎತ್ತಿದವಳಲ್ಲ. ವಿಷಯ ತಿಳಿದಾಗ ಅತ್ತೆ ತಮ್ಮ ಅಂಗೈಯನ್ನೇ ನೋಡುತ್ತ ಕೂತರು.

ದೊರೆಯ ಹಿಕ್ಕೆಯಲ್ಲೂ ಅದೇ ಮೊಟ್ಟೆಗಳಿದ್ದವು. “ಇವನಿಗೆ ವಯಸ್ಸಾಗಿದೆ, ಬಾಲ ಕರಗದ ಹಾಗೆ ನೋಡ್ಕೊಳ್ಳಿ,” ಎಂದರು ಡಾಕ್ಟರಮ್ಮ. “ಇಬ್ಬರಿಗೂ ಔಷಧಿ ನಡೀಲಿ. ಒಬ್ಬೊಬ್ಬರನ್ನ ಒಬ್ಬೊಬ್ಬರೇ ನೋಡ್ಕೊಂಡ್ರೆ ಇನ್ನೂ ಒಳ್ಳೇದು.”

ಮನೆಯಲ್ಲಿ ಈ ಮಾತು ಬಂದಾಗ ಗಂಡ ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು. “ಮೇಲಿನವಳು ನನಗಿರಲಿ.”

“ಹಾಗಾದ್ರೆ ನೀವು ದೊರೆಯನ್ನ ಮುಟ್ಟೋ ಹಾಗಿಲ್ಲ ಅತ್ತೆ.”

“ಗೊತ್ತು. ಅದಕ್ಕೇ.”

ಅತ್ತೆ ಏಪ್ರನ್ ಕಟ್ಟಿಕೊಂಡು ಮಹಡಿ ಹತ್ತಿದರೆ ಡಾಕ್ಟರಮ್ಮನೂ ಹೆದರಬೇಕು! ಬಟ್ಟಲನ್ನು ಬಿಸಿನೀರಲ್ಲಿ ತಿಕ್ಕಿದರು, ಟಿಶ್ಯೂ ದಿನಾ ಬದಲಿಸಿದರು, ಮಗ ಬಾಗಿಲಲ್ಲಿ ಇಣುಕಿದರೂ “ಚಪ್ಪಲಿ!” ಎಂದು ಗುಡುಗಿದರು. ದೊರೆಯ ಪೆಟ್ಟಿಗೆಯಿದ್ದ ಕೋಣೆಗೆ ಕಾಲಿಡಲಿಲ್ಲ. ಸೊಸೆ ಕೆಲಸದಿಂದ ಬಂದ ಕೂಡಲೇ ಮೆಟ್ಟಿಲ ಮೇಲಿನಿಂದ ಒಂದೇ ಪ್ರಶ್ನೆ.

“ಬಾಲ ಹೇಗಿದೆ?”

ಬಾಲ ಸೊರಗುತ್ತಿತ್ತು. ಔಷಧಿಗೆ ಮೊಟ್ಟೆಗಳು ಮಾಯವಾದರೂ ದೊರೆಗೆ ಊಟ ರುಚಿಸಲಿಲ್ಲ. ಸೊಸೆ ಚಿಮಟದಲ್ಲಿ ಹುಳ ಹಿಡಿದರೆ ಕಾಟಾಚಾರಕ್ಕೆ ಒಂದೆರಡು ನುಂಗಿ ಮುಖ ತಿರುಗಿಸುವನು. ಅವಳು ತನ್ನ ಅಂಗೈಯಲ್ಲಿಟ್ಟು ನೋಡಿದಳು. ನೆಕ್ಕಿ ನೋಡಿ, ಇದು ಆ ಕೈಯಲ್ಲ ಎಂಬಂತೆ ತನ್ನ ಪೆಟ್ಟಿಗೆಯ ಅಡಗುಡಬ್ಬದೊಳಗೆ ಸರಿದುಬಿಟ್ಟ. ಅವಳಿಗೆ ಹೊಟ್ಟೆಕಿಚ್ಚೂ ಆಯಿತು, ಅಳುವೂ ಬಂತು. ಅತ್ತೆಗೆ ಮಾತ್ರ “ಪರವಾಗಿಲ್ಲ ಅತ್ತೆ, ಹಾಗೇ ಇದೆ,” ಎಂದೇ ಹೇಳುತ್ತಿದ್ದಳು. ದೊರೆ ಕೈತಪ್ಪಿ ಹೋಗುತ್ತಾನೆಂಬ ಭಯ ಮಾತ್ರ ಅವಳನ್ನು ಬಿಡಲಿಲ್ಲ.

ಕೊನೆಯ ತಪಾಸಣೆಯ ದಿನ ಡಾಕ್ಟರಮ್ಮ ಸೂಕ್ಷ್ಮದರ್ಶಕದಿಂದ ತಲೆ ಎತ್ತಿ ನಕ್ಕರು. ಇಬ್ಬರೂ ಶುದ್ಧ! ಸೊಸೆಗೆ ಬಸ್ಸು ಕಾಯುವಷ್ಟು ತಾಳ್ಮೆ ಇರಲಿಲ್ಲ, ದಾರಿಯುದ್ದಕ್ಕೂ ಓಡಿಕೊಂಡೇ ಬಂದಳು.

“ಅತ್ತೆ! ಮುಗೀತು! ಕೆಳಗೆ ಬನ್ನಿ!”

ಅತ್ತೆ ಏಪ್ರನ್ ಕಳಚಿ, ಮೊಣಕೈವರೆಗೆ ಸೋಪು ಹಚ್ಚಿ, ಮತ್ತೊಮ್ಮೆ ಹಚ್ಚಿ ತೊಳೆದು ಬಂದರು. ಪೆಟ್ಟಿಗೆಯ ಮುಂದೆ ಕೂತು ಬಾಲ ನೋಡಿದರು. ಸೊಸೆಯ ಕಡೆ ತಿರುಗಿ, “ಸುಳ್ಳಿ,” ಎಂದರು. ಕಣ್ಣು ತುಂಬಿತ್ತು. ಅಂಗೈಯಲ್ಲಿ ಒಂದು ಹುಳ ಇಟ್ಟು ಒಳಗೆ ಚಾಚಿದರು.

ದೊರೆ ಡಬ್ಬದಿಂದ ತಲೆ ಹೊರಹಾಕಿದ. ಅವನು ಒಂದೊಂದೇ ಹೆಜ್ಜೆ ಇಟ್ಟು ಬಂದು ಅತ್ತೆಯ ಬೆರಳನ್ನು ನೆಕ್ಕಿದ, ಇನ್ನೊಮ್ಮೆ ನೆಕ್ಕಿದ. ಹುಳ ನುಂಗಿ, ನಾಲ್ಕೂ ಕಾಲು ಎತ್ತಿಟ್ಟು ಅಂಗೈ ಮೇಲೇ ಹತ್ತಿ ಕೂತ.

“ತಿಂದ! ತಿಂದ ಅತ್ತೆ!” ಸೊಸೆ ಅತ್ತೆಯ ಹೆಗಲು ಹಿಡಿದು ಕುಲುಕಿದಳು.

ಅತ್ತೆ ಒಂದಾದ ಮೇಲೊಂದು ತಿನ್ನಿಸಿದರು. ಹೊಟ್ಟೆ ತುಂಬಿದಾಗ ದೊರೆ ಅಲ್ಲೇ ಕಣ್ಣು ಮುಚ್ಚಿದ. ಬಟ್ಟಲಲ್ಲಿ ಇನ್ನೂ ಮೂರು ಹುಳ ಉಳಿದಿದ್ದವು. ಅವನನ್ನು ಮೆಲ್ಲಗೆ ಇಳಿಸಿ ಅತ್ತೆ ಎದ್ದರು. ಬಟ್ಟಲನ್ನು ಅಡುಗೆಮನೆಗೆ ಒಯ್ದು, ಕಸದ ಬುಟ್ಟಿಯ ಮುಚ್ಚಳ ತೆಗೆದು, ಒಂದು ಗಳಿಗೆ ನಿಂತರು. ಆಮೇಲೆ ಮೂರನ್ನೂ ಅದರೊಳಗೆ ಸುರಿದುಬಿಟ್ಟರು.

“ಏನು ನೋಡ್ತಾ ನಿಂತಿದ್ದೀಯ? ಕೈ ತೊಳಿ ನಡಿ.”