ಕೈಗುಣ

ಆ ವರ್ಷಗಳಲ್ಲಿ ಅಂಬುಜಾ ಎಲ್ಲಿ ಕೂತರೂ ಪಕ್ಕದಲ್ಲೊಂದು ನೀರಿನ ಚೊಂಬು ಇರುತ್ತಿತ್ತು. ಅಡಿಗೆಮನೆಯಲ್ಲಿ ಒಲೆಯ ಪಕ್ಕ, ಜಗಲಿಯಲ್ಲಿ ಕಂಬದ ಬುಡದಲ್ಲಿ, ಮಲಗಿದರೆ ತಲೆದೆಸೆಯಲ್ಲಿ. ಎರಡು ಮಾತಿಗೆ ಒಂದು ಗುಟುಕು. ಬಾಯಿ ಅಷ್ಟು ಒಣಗುತ್ತಿತ್ತು. ಊಟಕ್ಕೆ ಬಂದ ನೆಂಟರು ಅವಳನ್ನೂ ಚೊಂಬನ್ನೂ ನೋಡಿ, ಆಮೇಲೆ ನನ್ನ ಮುಖ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದೆ. ನನಗೆ ತೊಂದರೆಯಾಗದ್ದನ್ನು ತೊಂದರೆ ಎಂದು ಎಣಿಸುವ ಅಭ್ಯಾಸ ನನಗೆ ಎಂದೂ ಇರಲಿಲ್ಲ.

ಮದುವೆಯಾಗಿ ಬಂದಾಗ ಅವಳು ಹಾಗಿರಲಿಲ್ಲ. ನಮ್ಮೂರಿನ ಮಹಿಳಾ ಸಮಾಜದಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಅವಳು ಕತ್ತರಿಸಿ ಕೊಟ್ಟ ರವಿಕೆ ತೊಟ್ಟರೆ ಗೂನು ಬೆನ್ನೂ ನೆಟ್ಟಗಾಗುತ್ತದೆ ಎಂದು ಹೆಂಗಸರು ನಗೆಯಾಡುತ್ತಿದ್ದರು. ಒಂದು ಮಧ್ಯಾಹ್ನ, ತರಗತಿಯ ನಡುವೆ, ಕಾರಣವೇ ಇಲ್ಲದೆ ಅವಳ ಎದೆ ಹೊಡೆದುಕೊಳ್ಳತೊಡಗಿತು. ಕೈಕಾಲು ತಣ್ಣಗಾಗಿ, ಈಗಲೇ ಸಾಯುತ್ತೇನೆ ಎಂದು ನೆಲಕ್ಕೆ ಕುಸಿದಳು. ಹೃದಯದಲ್ಲಿ ಏನೂ ದೋಷವಿಲ್ಲ ಎಂದರು. ಆದರೆ ಅಂದಿನಿಂದ ಅವಳಿಗೆ ರಸ್ತೆ ದಾಟಲು ಭಯ, ಗಂಟೆಯ ಸದ್ದಿಗೆ ಭಯ, ಹಾಲು ಉಕ್ಕಿದರೆ ಭಯ. ಕೊನೆಗೆ ದೊಡ್ಡಾಸ್ಪತ್ರೆಯ ಮನೋರೋಗದ ಡಾಕ್ಟರ್ ನಫೀಸಾ ಒಂದು ಮಾತ್ರೆ ಬರೆದುಕೊಟ್ಟರು. ಗುಲಾಬಿ ಬಣ್ಣದ್ದು.

ಭಯ ಇಳಿಯಿತು. ಅದರ ಹಿಂದೆಯೇ ಉಳಿದದ್ದೂ ಇಳಿಯಿತು. ಬೆಳಗ್ಗೆ ಒಂಬತ್ತರವರೆಗೆ ನಿದ್ದೆ, ಎದ್ದ ಮೇಲೂ ಜೋಂಪು. ಮೈ ಊದಿಕೊಂಡಿತು. ಹತ್ತಿರದ ವಸ್ತು ಮಂಜಾಗಿ, ಸೂಜಿಗೆ ದಾರ ಪೋಣಿಸಲು ಹೋದರೆ ಹತ್ತು ಸಲ ತಪ್ಪುತ್ತಿತ್ತು. ಹೊಲಿಗೆ ಬಿಟ್ಟಳು.

“ಭಯ ಹೋಯ್ತು ಕಣ್ರೀ,” ಎಂದಳು ಒಮ್ಮೆ. “ಅದರ ಜೊತೆಗೆ ನಾನೂ ಹೋದೆ.”

ಈಗ ನನ್ನ ಕೈಯ ವಿಷಯ ಹೇಳಬೇಕು. ನಮ್ಮದು ಗ್ರಂಥಿಗೆ ಅಂಗಡಿ. ಹಿಪ್ಪಲಿ, ಬಜೆ, ಅಳಲೆಕಾಯಿ, ಅರಿಸಿನದ ಕೊಂಬು, ಗೋಡೆಯ ತುಂಬ ನೂರೆಂಟು ಮರದ ಗೂಡುಗಳು. ನನ್ನ ಅಪ್ಪ ಕಾಮಾಲೆಗೆ ಮದ್ದು ಕೊಡುತ್ತಿದ್ದವರು. ಅವರ ಕೈಗುಣ ನನಗೆ ಬಂದಿದೆ ಎಂದು ಊರು ತಾನೇ ತೀರ್ಮಾನಿಸಿತ್ತು. ಆಸ್ಪತ್ರೆಯ ಮಾತ್ರೆಯನ್ನು ಕೂಡ ಜನ ನನ್ನ ಅಂಗಡಿಗೆ ತಂದು, “ಶೆಟ್ರೇ, ಮೊದಲನೇದು ನಿಮ್ಮ ಕೈಯಿಂದ ಕೊಟ್ಬಿಡಿ,” ಎನ್ನುತ್ತಿದ್ದರು. ಅದಕ್ಕೆ ಅಪ್ಪ ಮಾಡಿಟ್ಟ ಕ್ರಮವಿತ್ತು. ತೆಗೆದುಕೊಳ್ಳುವವರು ಪೂರ್ವಕ್ಕೆ ಮುಖ ಮಾಡಿ, ಕಣ್ಣು ಮುಚ್ಚಿ, ಅಂಗೈ ಒಡ್ಡಬೇಕು. ಕೊಟ್ಟದ್ದನ್ನು ನೋಡದೆ ನುಂಗಬೇಕು. ‘ಮದ್ದನ್ನು ನೋಡಬಾರದು, ನಂಬಬೇಕು’ ಎನ್ನುತ್ತಿದ್ದರು ಅಪ್ಪ. ಇನ್ನೊಂದು ಮಾತೂ ಹೇಳುತ್ತಿದ್ದರು: ಮದ್ದು ಚೆಲ್ಲಿದವನ ಕೈಗುಣ ಹೋಗುತ್ತದೆ. ನನಗೆ ಅಪ್ಪನ ವಿದ್ಯೆ ಬರಲಿಲ್ಲ, ಹೊಗಳಿಕೆ ಮಾತ್ರ ಬಂತು. ಅದನ್ನು ಬಲು ಜೋಪಾನ ಮಾಡಿದೆ.

ಅಂಬುಜಾಳ ಮಾತ್ರೆಯನ್ನೂ ದಿನಾ ಸಂಜೆ ದೀಪ ಹಚ್ಚಿದ ಮೇಲೆ ನಾನೇ ಕೊಡುತ್ತಿದ್ದೆ. ಅವಳು ಕಣ್ಣು ಮುಚ್ಚಿ ಕೈ ಒಡ್ಡುತ್ತಿದ್ದಳು.

ಆ ಮಾತ್ರೆಯ ಕಾಲದಲ್ಲೇ ಅವಳ ತಾಯಿ ತೀರಿಕೊಂಡರು. ಸುದ್ದಿ ಅಂಗಡಿಗೆ ಬಂತು. ನಮ್ಮಲ್ಲೇ ಇದ್ದ ನನ್ನ ವಿಧವೆ ಅಕ್ಕ ನಂಜಕ್ಕ, “ಹೇಳ್ಬೇಡ ಕಣೋ, ಅವಳು ತಡ್ಕೊಳ್ಳಲ್ಲ,” ಎಂದಳು. ನನಗೂ ಅದೇ ಬೇಕಿತ್ತು. ಆಸ್ಪತ್ರೆ, ಓಡಾಟ, ಅಳು, ಅದರ ಮೇಲೆ ಮತ್ತೆ ಭಯ ಕೆರಳಿದರೆ ಯಾರು ನೋಡುವವರು? ವೈಕುಂಠ ಸಮಾರಾಧನೆಯೂ ಮುಗಿದ ಮೇಲೆ ಹೇಳಿದೆ. ಅಂಬುಜಾ “ಹೌದಾ” ಎಂದಳು. ಚೊಂಬೆತ್ತಿ ನೀರು ಕುಡಿದಳು. ಸ್ವಲ್ಪ ಹೊತ್ತಿನ ಮೇಲೆ, “ಸಾರಿಗೆ ಬೇಳೆ ಹಾಕ್ಲಾ?” ಎಂದು ಕೇಳಿದಳು. ಮಾತ್ರೆ ಅಂದರೆ ಇದಪ್ಪಾ ಮಾತ್ರೆ ಎಂದು ನಾನು ಒಳಗೊಳಗೇ ನಿಟ್ಟುಸಿರು ಬಿಟ್ಟೆ.

ಅದಾಗಿ ಎರಡು ವರ್ಷಕ್ಕೆ ಮಹಿಳಾ ಸಮಾಜದ ಸರ್ವಮಂಗಳಮ್ಮ ಮನೆಗೆ ಬಂದರು. ನಿಂತುಹೋಗಿದ್ದ ಹೊಲಿಗೆ ತರಗತಿಯನ್ನು ಕಾರ್ತಿಕ ಕಳೆದ ಮೇಲೆ ಮತ್ತೆ ತೆರೆಯುವುದಿತ್ತು.

“ನೀನು ಬಂದ್ರೆ ನಿನಗೇ, ಅಂಬುಜಾ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ. ಇನ್ನು ಮೂರು ತಿಂಗಳಿದೆ, ನೋಡು.”

ಮಾರನೆಯ ವಾರ ಅಂಬುಜಾ ಡಾಕ್ಟರ ಮುಂದೆ ಕೂತು, ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು: “ನನಗೆ ಸೂಜಿ ಕಣ್ಣು ಕಾಣ್ಬೇಕು, ಡಾಕ್ಟ್ರೇ. ಭಯ ಸ್ವಲ್ಪ ಉಳಿದ್ರೂ ಪರವಾಗಿಲ್ಲ.”

ಡಾಕ್ಟರ್ ನಫೀಸಾ ನಕ್ಕರು. “ಅದನ್ನ ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ? ಭಯಕ್ಕೆ ಇದೊಂದೇ ಮಾತ್ರೆ ಅಲ್ಲ. ಬದಲಾಯಿಸೋಣ.” ನನ್ನತ್ತ ತಿರುಗಿ ವಿವರಿಸಿದರು. ಹಳೆಯದನ್ನು ಒಮ್ಮೆಗೇ ನಿಲ್ಲಿಸಬಾರದು, ಮೆಲ್ಲಗೆ ಇಳಿಸಬೇಕು. ಹೊಸದನ್ನು ಸಣ್ಣ ಪ್ರಮಾಣದಲ್ಲಿ ಶುರು ಮಾಡಬೇಕು. ಮೊದಲ ಹದಿನೈದು ದಿನ ವಾಕರಿಕೆ, ಚಡಪಡಿಕೆ ಇರಬಹುದು. “ಹೆದರಬೇಡಿ. ನಡುವೆ ನೀವಾಗೇ ಏನೂ ಬದಲಾಯಿಸ್ಬೇಡಿ. ಏನಿದ್ರೂ ನನ್ನ ಹತ್ರ ಬನ್ನಿ.”

ಹದಿನೈದು ದಿನ ಅವರು ಹೇಳಿದ ಹಾಗೇ ಕಷ್ಟವಾಯಿತು. ಅಂಬುಜಾ ಊಟ ಬಿಟ್ಟಳು, ನಡುಗಿದಳು, ನಿದ್ದೆಯಿಲ್ಲದೆ ಹೊರಳಿದಳು. ಆದರೂ ಸಂಜೆಯಾದರೆ ತಾನೇ ಬಂದು ಪೂರ್ವಕ್ಕೆ ನಿಂತು ಕೈ ಒಡ್ಡುತ್ತಿದ್ದಳು. ಮೂರನೆಯ ವಾರ ಕಳೆಯುವಷ್ಟರಲ್ಲಿ ಮನೆಯಲ್ಲಿ ಏನೋ ಬದಲಾದಂತೆ ಕಂಡಿತು. ಅದೇನೆಂದು ನನಗೆ ಹೊಳೆಯಲು ಎರಡು ದಿನ ಬೇಕಾಯಿತು. ಚೊಂಬು ಅವಳ ಪಕ್ಕದಲ್ಲಿರಲಿಲ್ಲ, ಅಡಿಗೆಮನೆಯ ಗೂಡಿನಲ್ಲಿ ಬೋರಲು ಬಿದ್ದಿತ್ತು. ಅವಳು ಆರಕ್ಕೇ ಎದ್ದು ತಲೆ ಬಾಚಿಕೊಳ್ಳುತ್ತಿದ್ದಳು. ನಂಜಕ್ಕನ ಹಳೆಯ ಸೀರೆಯೊಂದನ್ನು ಹರಿದು, ಪಕ್ಕದ ಮನೆಯ ಮಗುವಿಗೆ ಒಂದು ಲಂಗ ಹೊಲಿದಳು. ಹೊಲಿಗೆ ಸೊಟ್ಟಗಿತ್ತು. ಬಿಚ್ಚಿ ಮತ್ತೆ ಹೊಲಿದಳು. ನಾನು ನೋಡಿ ಸಂತೋಷಪಟ್ಟೆ. ಸುಳ್ಳಲ್ಲ, ನಾಲ್ಕು ದಿನ ನಿಜವಾಗಿಯೂ ಸಂತೋಷಪಟ್ಟೆ.

ಐದನೆಯ ದಿನ ನಾನು ಊಟಕ್ಕೆ ಕೂತಿದ್ದಾಗ ಅವಳು ಹುಳಿಯ ಸೌಟು ಹಿಡಿದು ನಿಂತಲ್ಲೇ ಕೇಳಿದಳು: “ಅಮ್ಮ ಹೋದಾಗ ನನಗೆ ಯಾಕೆ ಹೇಳ್ಲಿಲ್ಲ?”

ನಾನು ಮೇಲೆ ನೋಡಿದೆ. ಅವಳ ಕಣ್ಣಿನಿಂದ ನೀರು ಧಾರಾಕಾರ ಸುರಿಯುತ್ತಿತ್ತು. ಎರಡು ವರ್ಷ ತಡವಾಗಿ ಬಂದ ಅಳು.

“ಹಳೇದು ಯಾಕೀಗ? ಊಟ ಬಡಿಸು,” ಎಂದೆ.

“ಮುಖ ನೋಡ್ಲಿಲ್ಲ ನಾನು. ಬಾಯಿಗೆ ನೀರು ಬಿಡ್ಲಿಲ್ಲ. ಯಾರು ಬೇಡ ಅಂದ್ರು? ನೀವಾ, ಅಕ್ಕನಾ?”

ಮರುದಿನವೂ ಕೇಳಿದಳು. ಅದರ ಮರುದಿನವೂ. ಕೂಗಾಡಲಿಲ್ಲ, ಹುಚ್ಚಾಟ ಮಾಡಲಿಲ್ಲ. ಅಳುತ್ತ, ನನ್ನ ಮುಖವನ್ನೇ ನೋಡುತ್ತ, ಅದೇ ಮಾತು. ಉತ್ತರ ಕೊಟ್ಟರೆ ನಿಲ್ಲುತ್ತಿತ್ತೋ ಏನೋ. ಉತ್ತರ ಕೊಡಬೇಕಾದರೆ, ‘ನನಗೆ ರಗಳೆ ಬೇಡವಾಗಿತ್ತು’ ಎನ್ನಬೇಕಿತ್ತು.

“ಹಳೇ ಮಾತ್ರೇನೇ ಚೆನ್ನಾಗಿತ್ತು ಕಣೋ,” ಎಂದಳು ನಂಜಕ್ಕ. “ಪಾಪ, ಹೇಗೆ ಗೋಳಾಡ್ತಾಳೆ ನೋಡು. ನೋಡೋಕಾಗಲ್ಲ.”

ಅಕ್ಕನ ಮೇಲೆ ಹೊರೆ ಹೊರಿಸಿ ನಾನು ಪಾರಾಗಲಾರೆ. ಅವಳು ಬರಿಯ ಮಾತಾಡಿದಳು. ಆ ಸಂಜೆ ಹಳೆಯ ಪಟ್ಟಿಯಿಂದ ಗುಲಾಬಿ ಮಾತ್ರೆ ಬಿಡಿಸಿದ ಕೈ ನನ್ನದು. ಇವತ್ತೊಂದು ದಿನ, ಅವಳು ನಿದ್ದೆ ಮಾಡಲಿ ಎಂದುಕೊಂಡೆ. ಅಂಬುಜಾ ಕಣ್ಣು ಮುಚ್ಚಿ ಕೈ ಒಡ್ಡಿದಳು. ಗಾತ್ರದಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ನುಂಗಿದಳು.

ಇವತ್ತೊಂದು ದಿನ ಎಂದದ್ದು ನಲವತ್ತು ದಿನವಾಯಿತು. ಹಳೆಯ ಮಾತ್ರೆ ಮುಗಿದಾಗ ಔಷಧಿ ಅಂಗಡಿಯವನು ಹಳೆಯ ಚೀಟಿ ನೋಡಿ ಮರುಮಾತಿಲ್ಲದೆ ಕೊಟ್ಟ. ನನ್ನನ್ನು ಕಂಡರೆ ಅವನಿಗೂ ಗೌರವ. ಮನೆ ಮತ್ತೆ ತಣ್ಣಗಾಯಿತು. ಪ್ರಶ್ನೆ ನಿಂತಿತು. ಚೊಂಬು ಗೂಡಿನಿಂದಿಳಿದು ಅವಳ ಪಕ್ಕಕ್ಕೆ ಬಂತು. ಸಮಾಜದವರು ಹೇಳಿದ ದಿನಕ್ಕೆ ಎರಡು ವಾರವಿದ್ದಾಗ ಅವಳು ಸೂಜಿ ದಾರ ಹಿಡಿದು ಕಿಟಕಿಯ ಬೆಳಕಿನಲ್ಲಿ ಕೂತಳು. ದಾರದ ತುದಿಯನ್ನು ಒದ್ದೆ ಮಾಡಲು ಬಾಯಲ್ಲಿ ಎಂಜಲೂ ಇರಲಿಲ್ಲ, ಚೊಂಬಿನಲ್ಲಿ ಅದ್ದಿಕೊಂಡಳು. ನಾನು ಅಂಗಡಿಗೆ ಹೊರಟವನು ಚಪ್ಪಲಿ ಮೆಟ್ಟುವ ನೆಪದಲ್ಲಿ ಬೇಗ ಹೊರಬಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ನಮ್ಮ ಮನೆಯಲ್ಲಿ ಕಣ್ಣು ಮುಚ್ಚುವ ಕೆಲಸವೂ ಅವಳದೇ ಆಗಿತ್ತು.

ಡಾಕ್ಟರ ಹತ್ತಿರ ಹೋದೆವು.

“ಈ ಮಾತ್ರೆಗೆ ಬಾಯಿ ಇಷ್ಟು ಒಣಗಬಾರದಲ್ಲ,” ಎಂದರು ಅವರು, ಹುಬ್ಬು ಗಂಟಿಕ್ಕಿ. “ದಿನಾ ತಪ್ಪದೆ ತಗೋತಿದೀರಾ?”

“ಒಂದು ದಿನಾನೂ ತಪ್ಪಿಲ್ಲ. ಇವರೇ ಕೈಯಾರೆ ಕೊಡ್ತಾರೆ,” ಎಂದಳು ಅಂಬುಜಾ.

ಡಾಕ್ಟರ್ ನನ್ನನ್ನು ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಹಾಗೆ ನನ್ನ ಕೈ ತಾನಾಗಿ ಜೇಬಿನೊಳಗೆ ಹೋಯಿತು. ಆದರೆ ಅವರು, “ನೀವು ಪುಣ್ಯ ಮಾಡಿದೀರಮ್ಮ. ಗಂಡಸರು ಇಷ್ಟು ಮುತುವರ್ಜಿ ವಹಿಸೋದು ನಾನು ನೋಡೇ ಇಲ್ಲ,” ಎಂದರು. ನಾನು ನಸುನಕ್ಕೆ. ಆ ನಗುವನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಹೊಸ ಮಾತ್ರೆ ಒಗ್ಗಲಿಲ್ಲ ಎಂದು ಅವರು ಕಡತದಲ್ಲಿ ಬರೆದರು. ಸದ್ಯಕ್ಕೆ ಹಳೆಯದಕ್ಕೇ ಹಿಂದಿರುಗೋಣ, ಆರು ತಿಂಗಳು ಬಿಟ್ಟು ನೋಡೋಣ ಎಂದರು. ಹೀಗೆ ನನ್ನ ಕಳ್ಳತನಕ್ಕೆ ಸರ್ಕಾರದ ಮೊಹರು ಬಿತ್ತು.

ಬಸ್ಸಿನಲ್ಲಿ ಅಂಬುಜಾ ಕಿಟಕಿಗೆ ತಲೆ ಆನಿಸಿದ್ದಳು. “ಮಾತ್ರೇದಲ್ಲ ತಪ್ಪು,” ಎಂದಳು. “ನಾನೇ ಕೆಟ್ಟುಹೋಗಿದೀನಿ. ನಾಲ್ಕು ದಿನ ಸರಿಹೋದ ಹಾಗಾಯ್ತಲ್ಲ, ಅದೂ ನನ್ನ ಭ್ರಮೆ.” ಆಗ ಹೇಳಬಹುದಿತ್ತು. ಇನ್ನೂ ಎರಡು ವಾರ ಸಮಯವಿತ್ತು. ನಾನು ಕಂಡಕ್ಟರ ಹತ್ತಿರ ಟಿಕೆಟ್ ಕೇಳಿದೆ.

ಹೊಲಿಗೆ ತರಗತಿ ಬೇರೊಬ್ಬಳಿಗೆ ಹೋಯಿತು. ಸರ್ವಮಂಗಳಮ್ಮ ಬಂದು ಹೇಳಿದಾಗ ಅಂಬುಜಾ “ಹೌದಾ” ಎಂದಳು. ಆ “ಹೌದಾ” ನನಗೆ ಗುರುತಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ನನಗೆ ಜ್ವರ ಬಂದು ಮನೆಯಲ್ಲಿ ಮಲಗಿದ್ದೆ. ಬಾಣಂತಿಯೊಬ್ಬಳಿಗೆ ಹಿಪ್ಪಲಿ ಬೇಕೆಂದು ಯಾರೋ ಮನೆಗೇ ಬಂದರು. ಅಂಬುಜಾ ಬೀಗದ ಕೈ ತೆಗೆದುಕೊಂಡು ಅಂಗಡಿಗೆ ಹೋದಳು. ಅವಳಿಗೆ ಗೂಡುಗಳ ಲೆಕ್ಕ ತಿಳಿಯದು, ಒಂದೊಂದಾಗಿ ಎಳೆದು ನೋಡಿದ್ದಾಳೆ. ಕೆಳಸಾಲಿನ ಕೊನೆಯ ಗೂಡಿನಲ್ಲಿ, ರಬ್ಬರ್ ಬ್ಯಾಂಡ್ ಹಾಕಿದ ಹೊಸ ಮಾತ್ರೆಯ ಪಟ್ಟಿಗಳಿದ್ದವು. ಆ ನಲವತ್ತು ದಿನ ಕೊಡಬೇಕಾಗಿದ್ದವು, ಒಂದೂ ಬಿಡಿಸಿರಲಿಲ್ಲ. ಮೇಲೆ ಅವಳದೇ ಹೆಸರಿನ ಚೀಟಿ.

ಮನೆಗೆ ಬಂದು ಅವನ್ನು ನನ್ನ ಹಾಸಿಗೆಯ ಮೇಲಿಟ್ಟಳು. ನಾನು ಎದ್ದು ಕೂತೆ.

“ಎಸೆದುಬಿಡಬಹುದಿತ್ತಲ್ಲ,” ಎಂದಳು. “ನನಗೆ ಗೊತ್ತೇ ಆಗ್ತಿರಲಿಲ್ಲ.”

“ಮದ್ದು ಚೆಲ್ಲಬಾರದು,” ಎಂದೆ. “ಕೈಗುಣ ಹೋಗುತ್ತೆ.”

ಅವಳು ನಕ್ಕಳು. ತಿಂಗಳುಗಳ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವವರೆಗೂ ನಕ್ಕಳು. ಒಳಗಿನಿಂದ ನಂಜಕ್ಕ ಹೆದರಿ ಓಡಿಬಂದಳು.

ಜ್ವರ ಬಿಟ್ಟ ಮೇಲೆ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಹೌದು, ಅವಳೇ ನನ್ನನ್ನು ಕರೆದುಕೊಂಡು ಹೋದದ್ದು. “ನೀವೇ ಹೇಳಿ,” ಎಂದು ಪಕ್ಕದಲ್ಲಿ ಕೂತಳು. ಹೇಳಿದೆ. ಡಾಕ್ಟರ್ ನಫೀಸಾ ನನ್ನನ್ನು ಬೈಯಲಿಲ್ಲ. ಕಡತ ತೆರೆದು, ತಾವು ಬರೆದಿದ್ದ ಸಾಲನ್ನು ಹೊಡೆದುಹಾಕಿದರು. ಆಮೇಲೆ ನಾನು ಆ ಕೋಣೆಯಲ್ಲಿ ಇಲ್ಲವೇ ಇಲ್ಲ ಎಂಬಂತೆ, ಹಳೆಯದನ್ನು ಇಳಿಸುವ ಕ್ರಮ, ಹೊಸದನ್ನು ಏರಿಸುವ ಕ್ರಮ ಎರಡನ್ನೂ ಅವಳಿಗೆ ಹೇಳಿಕೊಟ್ಟರು. ಅವಳು ಪೆನ್ನು ಇಸಿದುಕೊಂಡು ತಾನೇ ಬರೆದುಕೊಂಡಳು.

ಈ ಸಲವೂ ಹದಿನೈದು ದಿನ ನಡುಗಿದಳು. ಸಂಜೆ ಕಣ್ಣು ತೆರೆದುಕೊಂಡೇ, ತನ್ನ ಕೈಯಿಂದ ತಾನೇ ಮಾತ್ರೆ ತೆಗೆದುಕೊಂಡಳು. ಬೇಸಿಗೆ ಬರುವ ಹೊತ್ತಿಗೆ ಬಾಯಿ ಒಣಗುವುದು ನಿಂತಿತು, ಕಣ್ಣು ತಿಳಿಯಾಯಿತು. ಭಯ ಪೂರ್ತಿ ಹೋಗಲಿಲ್ಲ. ಕೆಲವು ದಿನ ಬಾಗಿಲ ಬಳಿ ನಿಂತು, ಉಸಿರು ಎಣಿಸಿ, ಆಮೇಲೆ ರಸ್ತೆಗೆ ಇಳಿಯುತ್ತಿದ್ದಳು. ಸಮಾಜದ ಕೆಲಸ ಹೋದದ್ದು ಹೋಯಿತು. ಜಗಲಿಯ ಮೇಲೆ ಮಿಷನ್ ಹಾಕಿಕೊಂಡು ರವಿಕೆ ಹೊಲಿಯತೊಡಗಿದಳು.

ನನ್ನ ಕೈಯಿಂದ ಅವಳು ಮತ್ತೇನನ್ನೂ ತೆಗೆದುಕೊಳ್ಳಲಿಲ್ಲ. ದೇವಸ್ಥಾನದ ಕುಂಕುಮವನ್ನು ತಟ್ಟೆಯಲ್ಲಿ ಇಡಬೇಕು. ಇಟ್ಟು ನಾನು ಸರಿದ ಮೇಲೆ ತೆಗೆದುಕೊಳ್ಳುತ್ತಾಳೆ. ಊರಿಗೆ ಇದೇನೂ ಗೊತ್ತಿಲ್ಲ. ಜನ ಈಗಲೂ ಮಾತ್ರೆ ತಂದು ನನ್ನ ಮುಂದೆ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಇಲ್ಲ ಎನ್ನಲು ಕಾರಣ ಹೇಳಬೇಕಾಗುತ್ತದೆ. ಅದಕ್ಕೆ ಕೊಡುತ್ತೇನೆ.

ಆ ಬೇಸಿಗೆಯ ಕೊನೆಯಲ್ಲಿ ಒಂದು ದಿನ, ನಂಜಕ್ಕ ಊರಿಗೆ ಹೋಗಿದ್ದಾಗ, ನಾನೇ ಕಾಫಿ ಮಾಡಿದೆ. ಲೋಟವನ್ನು ಅವಳ ಮಿಷನ್ನಿನ ಪಕ್ಕದ ಮಣೆಯ ಮೇಲಿಟ್ಟೆ. ಅವಳು ಚಕ್ರ ನಿಲ್ಲಿಸಿ ನನ್ನ ಮುಖ ನೋಡಿದಳು.

“ಅಮ್ಮ ಹೋದಾಗ ನನಗೆ ಯಾಕೆ ಹೇಳ್ಲಿಲ್ಲ?”

ಈ ಸಲ ಅಳು ಇರಲಿಲ್ಲ. ದನಿ ಏರಿರಲೂ ಇಲ್ಲ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಸಿಗುವಂತಿರಲಿಲ್ಲ. ಆದರೂ ನನ್ನ ಬಾಯಿಂದ ಬಂದದ್ದು ಅದೇ ಹಳೆಯ ಸುಳ್ಳು.

“ನೀನು ತಡ್ಕೊಳ್ಳಲ್ಲ ಅಂತ.”

ಅವಳು ಬಟ್ಟೆಯ ಅಂಚನ್ನು ಬೆರಳಿನಿಂದ ನೇವರಿಸಿ ಸರಿ ಮಾಡಿದಳು.

“ನಿಮ್ಮನ್ನೇ ತಡ್ಕೊಂಡಿದೀನಲ್ಲ,” ಎಂದು ಮತ್ತೆ ಚಕ್ರ ತಿರುಗಿಸಿದಳು.

ನಾನು ಕಂಬಕ್ಕೆ ಒರಗಿ ನಿಂತೇ ಇದ್ದೆ. ರವಿಕೆಯ ಒಂದು ತೋಳು ಮುಗಿಯಿತು, ಇನ್ನೊಂದು ಶುರುವಾಯಿತು. ಮಣೆಯ ಮೇಲಿನ ಕಾಫಿ ಆರಿ, ಅದರ ಮೇಲೆ ತೆಳ್ಳಗೆ ಕೆನೆ ಕಟ್ಟಿತು.