ಹಂಚಿನ ಮೇಲಿನ ಗಾಜು

ದಾಂಡೇಲಿಯ ಮಾಲವ್ವನಿಗೆ ಹುಡುಗ ಹಿಡಿಸಿದ್ದ, ಅವನ ನೌಕರಿ ಹಿಡಿಸಿರಲಿಲ್ಲ. ಹಳಿಯಾಳದ ಮಹಾಂತಪ್ಪ ಮುಂಬೈಯ ಅಣುಶಕ್ತಿ ಪ್ರಯೋಗಾಲಯದಲ್ಲಿದ್ದ. ಕಣ್ಣಿಗೆ ಕಾಣದ ಕಿರಣಗಳ ಜೊತೆ ದುಡಿಯುವವನಿಗೆ ಇದ್ದೊಬ್ಬ ಮಗಳು ಶಿವಗಂಗವ್ವನನ್ನು ಕೊಡುವುದು ಹೇಗೆ? ಸೂಪಾದ ಕಾಡಿನಲ್ಲಿ ದಿಮ್ಮಿ ಏರಿಸುವಾಗ "ಹಗ್ಗ ಗಟ್ಟಿ ಐತಿ, ಏನೂ ಆಗೂದಿಲ್ಲ" ಎಂದ ಗುತ್ತಿಗೆದಾರನ ಮಾತು ನಂಬಿಯೇ ಮಾಲವ್ವನ ಗಂಡ ಗೂಳಪ್ಪ ಸತ್ತಿದ್ದ.

ರಜೆಗೆ ಬಂದ ಮಹಾಂತಪ್ಪ ಒಂದು ಬೆಳಿಗ್ಗೆ ಹಿರಿಯರನ್ನು ಬಿಟ್ಟು ಒಬ್ಬನೇ ಮಾಲವ್ವನ ಮನೆಗೆ ಬಂದ. ಹಣ್ಣು, ಹೂವು ತರುವುದು ಬಿಟ್ಟು ಪುಣ್ಯಾತ್ಮ ಎರಡು ಗಾಜಿನ ತುಂಡು ತಂದಿದ್ದ. ಒಂದು ಕಂದು, ಒಂದು ತಿಳಿ.

"ಎರಡಕ್ಕೂ ಒಂದೇ ನಮೂನಿ ಕಿರಣ ತಾಗ್ಯಾವ್ರಿ, ಅವ್ವಾರ. ಸಾದಾ ಗಾಜು ಕಂದಾತು. ಈ ತಿಳಿ ತುಂಡಿನಾಗ ಸೀರಿಯಂ ಅಂತ ಅಪರೂಪದ ಧಾತು ಚೂರು ಕೂಡಿಸ್ಯಾರ, ತಿಳಿಯಾಗೇ ಉಳೀತು. ಇಂಥಾ ಗಾಜಿನ ದಪ್ಪ ಕಿಟಕಿ ಹಿಂದ ನಿಂತು ನಾವು ಕೆಲಸ ಮಾಡ್ತೇವಿ. ಕಿಟಕಿ ಕಂದಾದ್ರ ಒಳಗಿಂದೇನೂ ಕಾಣೂದಿಲ್ಲರಿ."

"ಇದರಾಗ ಕಿರಣ ಉಳದಾವೇನು?" ಎಂದು ಮಾಲವ್ವ ಕಂದು ತುಂಡನ್ನು ಎತ್ತಿಕೊಂಡಳು.

"ಇಲ್ಲರಿ. ಬಣ್ಣ ಅಷ್ಟ ಉಳದೈತಿ."

ಅವಳ ಕಣ್ಣಿಗೆ ಆ ಬಣ್ಣ ಕಂದೀಲಿನ ಗಾಜಿಗೆ ಹಿಡಿದ ಮಸಿಯೇ. ಬೂದಿ ಹಚ್ಚಿ ತಿಕ್ಕಿದಳು, ಹೋಗಲಿಲ್ಲ. ಕಾವಿಗೆ ಬಿಟ್ಟೀತೆಂದು ರೊಟ್ಟಿಯ ಹಂಚಿನ ಅಂಚಿಗೆ ಇಟ್ಟಳು. ಹುಡುಗನ ಗಮನವೆಲ್ಲ ಚಹಾ ತಂದ ಶಿವಗಂಗವ್ವನ ಮೇಲಿತ್ತು.

ನಾಲ್ಕಾರು ರೊಟ್ಟಿ ಬೇಯುವಷ್ಟರಲ್ಲಿ ಕಂದು ತೆಳುವಾಗುತ್ತ ಬಂದು ಪೂರ್ತಿ ಮಾಯವಾಯಿತು. ಮಾಲವ್ವನ ಮುಖ ಅರಳಿತು.

"ಕಾವು ಕೊಟ್ರ ಕಿರಣದ ಕಲೆ ಇಳೀತೈತಿ ಅಂದಂಗಾತು. ನನ್ನ ಮಗಳು ದಿನಾ ಬಿಸಿ ರೊಟ್ಟಿ ಹಾಕ್ತಾಳ, ಸುಡುಸುಡು ನೀರು ಎರೀತಾಳ. ನಿನಗೇನೂ ಆಗೂದಿಲ್ಲ ತಮ್ಮಾ. ಸೋಮವಾರ ಹಿರಿಯರನ್ನ ಕರಕೊಂಡು ಬಾ."

ಬಾಯಿ ಮುಚ್ಚಿಕೊಂಡು ಚಹಾ ಕುಡಿದಿದ್ದರೆ ಮದುವೆ ಗಟ್ಟಿಯಾಗಿತ್ತು. ಆ ಬುದ್ಧಿ ಅವನಿಗೆಲ್ಲಿ?

"ಗಾಜಿನ ಬಣ್ಣ ಕಾವಿಗೆ ಹೋಗೂದು ಖರೇರಿ, ಅವ್ವಾರ. ಆದ್ರ ಮನುಷ್ಯಾ ಗಾಜಲ್ಲ. ಮೈಗೆ ಹೆಚ್ಚು ತಾಗಿದ್ರ ಯಾವ ಕಾವಿಗೂ ಹೋಗೂದಿಲ್ಲ. ಭಾಳ ಕಾಳಜಿಲೆ ಇರ್ತೇವಿ. ಆದ್ರ ಏನೂ ಆಗೂದೇ ಇಲ್ಲ ಅಂತ ನಾ ಹೇಳಲಾರೆ."

ಶಿವಗಂಗವ್ವ ತಲೆ ತಗ್ಗಿಸಿದಳು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದರೂ ಮಾಲವ್ವ ಅಲುಗಲಿಲ್ಲ. ಆ ಗುತ್ತಿಗೆದಾರ ಇದರಲ್ಲಿ ಅರ್ಧ ಹೇಳಿದ್ದರೂ ಗೂಳಪ್ಪ ದೂರ ಸರಿದು ನಿಲ್ಲುತ್ತಿದ್ದ. ಅವಳು ಸೀದ ರೊಟ್ಟಿಯನ್ನು ಕೆಳಗಿಳಿಸಿದಳು. ಎದುರಿಗೆ ಕೂತ ಈ ಹುಚ್ಚಪ್ಪನ ಮೇಲೆ ಹೆತ್ತ ಮಗನ ಮೇಲೆ ಬರುವಂಥ ಮಮತೆ ಬಂತು.

"ಹೆಚ್ಚು ತಾಗಿದ್ದು ನಿಮಗ ಹೆಂಗ ಗೊತ್ತಾಗ್ತೈತಿ?" ಎಂದಳು.

"ಎದಿಗೆ ಒಂದು ಫಿಲ್ಮ್ ಹಚ್ಚಿರ್ತಾರ್ರಿ. ಕಿರಣ ತಾಗಿದಷ್ಟೂ ಅದು ಕಪ್ಪಾಗ್ತೈತಿ. ಆಗಾಗ ತೊಳೆದು ನೋಡ್ತಾರ."

"ನೋಡಿದಾಗೊಮ್ಮೆ ನನಗ ಕಾಗದ ಹಾಕಬೇಕು. ಯಾರ ಕಡಿಂದರ ಓದಿಸ್ಕೋತೇನಿ. ಕೆಟ್ಟದ್ದಿದ್ರೂ ಬರೀಬೇಕು. ಮುಚ್ಚಿಟ್ರ ಮುಂಬೈಗೆ ಬಂದು ಇಬ್ಬರನ್ನೂ ಎಳಕೊಂಡು ಬರ್ತೇನಿ."

"ಬರೀತೇನ್ರಿ, ಅತ್ತಿ."

ಅಂದ ಮೇಲೆ ಅವನೇ ನಾಲಿಗೆ ಕಚ್ಚಿಕೊಂಡ. ಮಾಲವ್ವ ಮಾತ್ರ ಅವನನ್ನು ತಿದ್ದಲಿಲ್ಲ.