ಮೊದಲೇ ಕೊಯ್ದಿಟ್ಟ ಗಾಜು

ಬೀದಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ‘ಅಳಿಯಂದ್ರು’ ಎಂದೇ. ಮದುವೆಯಾಗಿ ಮಾವನ ಮನೆಗೂ ಮಾವನ ಗಾಜಿನ ಅಂಗಡಿಗೂ ಒಟ್ಟಿಗೇ ಕಾಲಿಟ್ಟವನು. ತಲೆಯಲ್ಲಿ ನರೆ ಬಂದರೂ ಆ ಹೆಸರು ಹೋಗಲಿಲ್ಲ. ಮನೆಯಳಿಯನ ಪಾಡು ನಿಮಗೆ ಗೊತ್ತೇ ಇದೆ, ಊಟಕ್ಕೆ ಕೊರತೆಯಿಲ್ಲ, ಮಾತಿಗೆ ಜಾಗವಿಲ್ಲ. ಎದುರು ಮನೆಗೆ ಬಾಡಿಗೆಗೆ ಬಂದ ನರ್ಸಮ್ಮನಂತೂ ಅದು ಅವನ ಹೆಸರೇ ಇರಬೇಕೆಂದುಕೊಂಡು, ಹೊಸದಾಗಿ ಕಲಿತ ಮಾತಿನಲ್ಲಿ, “ನಮಸ್ಕಾರ ಅಳಿಯಂದ್ರೇ” ಎನ್ನುತ್ತಿದ್ದಳು. ಅವನು ತಿದ್ದಲಿಲ್ಲ. ನಗುತ್ತಾ ಮಾತಾಡಿಸುವವರು ಆ ಬೀದಿಯಲ್ಲಿ ಅವಳಿಗೂ ಕಡಿಮೆ, ಅವನಿಗೂ ಕಡಿಮೆ.

ನರ್ಸಮ್ಮ ದೂರದ ದೇಶದವಳು. ಅವಳ ಮೈಬಣ್ಣ, ಕೂದಲು, ತಾಯಿಯ ಜೊತೆ ಆಡುವ ಭಾಷೆ, ಯಾವುದೂ ಈ ಬೀದಿಯದಲ್ಲ. ಆಸ್ಪತ್ರೆಯಲ್ಲಿ ಅವಳ ಕೈಯಿಂದಲೇ ಇಂಜೆಕ್ಷನ್ ಚುಚ್ಚಿಸಿಕೊಂಡವರು ಬೀದಿಯಲ್ಲಿ ಎದುರಾದರೆ ಗುರುತೇ ಇಲ್ಲದವರಂತೆ ನಡೆದುಬಿಡುತ್ತಿದ್ದರು. ತಾಯಿಗೆ ಕಾಲು ಸ್ವಾಧೀನವಿಲ್ಲ. ಕೆಲಸಕ್ಕೆ ಹೊರಡುವ ಮುಂಚೆ ಮಗಳು ಮುದುಕಿಯನ್ನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ನೀರಿನ ಬಾಟಲಿಯನ್ನು ಕೈಗೆಟಕುವಂತೆ ಇಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದಳು. ಆಮೇಲೆ ಮುದುಕಿಗೆ ಲೋಕವೆಂದರೆ ಆ ಒಂದು ಕಿಟಕಿ. ಅದರ ತುಂಬ ಕಾಣುತ್ತಿದ್ದುದು ಗಾಜಿನ ಅಂಗಡಿ. ಅಳಿಯ ಗಾಜಿನ ಮೇಲೆ ಗೆರೆ ಗೀರಿ ಟಕ್ಕನೆ ಮುರಿದಾಗಲೆಲ್ಲ ಅವಳು ಅಲ್ಲಿಂದಲೇ ಚಪ್ಪಾಳೆ ತಟ್ಟುವಳು. ಅವನ ಕೆಲಸಕ್ಕೆ ಚಪ್ಪಾಳೆ ತಟ್ಟಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಆ ಕಿಟಕಿಗೆ ಮೊದಲ ಕಲ್ಲು ಬಿದ್ದಾಗ ಅಳಿಯ ಅಂಗಡಿ ಬಾಗಿಲಲ್ಲೇ ನಿಂತಿದ್ದ. ಎಸೆದವನನ್ನು ಕಂಡ. ಕಂಡ ಎಂದರೆ ಹಾಡಹಗಲಲ್ಲಿ, ಮುಖಕ್ಕೆ ಮುಖ ಕೊಟ್ಟು ಕಂಡ. ಹೆಂಡತಿಯ ಒಬ್ಬನೇ ತಮ್ಮ! “ನಿಮ್ಮ ದೇಶಕ್ಕೆ ತೊಲಗ್ರೇ” ಎಂದು ಕೂಗಿ, ಅವರ ಬಣ್ಣದ ಬಗ್ಗೆ ಇನ್ನೆರಡು ಮಾತು ಸೇರಿಸಿದ. ಆ ಮಾತುಗಳನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಹೋಗುವಾಗ ಭಾವನ ಕಡೆ ತಿರುಗಿ ಕಣ್ಣು ಹೊಡೆದ.

ಪೊಲೀಸರು ಬಂದು ಕೇಳಿದರು. “ಬೆನ್ನು ಕಾಣಿಸ್ತು ಸಾರ್, ಮುಖ ಕಾಣಲಿಲ್ಲ” ಎಂದ ಅಳಿಯ.

ಊಟಕ್ಕೆ ಕೂತಾಗ ಮಾವ, “ಮನೆ ಮಾತು ಮನೇಲೇ ಇರ್ಲಿ. ಉಂಡ ಮನೆಗೆ ಎರಡು ಬಗೀಬಾರದು” ಎಂದರು. ಆಮೇಲೆ ನಕ್ಕು, “ಯಾರೋ ಒಡೀತಾರೆ, ಹಾಕೋರು ನಾವೇ ತಾನೆ?” ಎಂದು ಸೇರಿಸಿದರು. ಬಡಿಸಲು ಬಗ್ಗಿದ ಹೆಂಡತಿ ಪಿಸುದನಿಯಲ್ಲಿ, “ರೀ, ಅವನು ಜೈಲಿಗೆ ಹೋದ್ರೆ ನಾನು ಈ ಮನೇಲಿ ತಲೆ ಎತ್ತಿ ಓಡಾಡೋಕಾಗುತ್ತಾ?” ಎಂದಳು. ಬಾಯಿಗೆ ಬಿದ್ದ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಳಿಯ ಅನ್ನ ಕಲಸುತ್ತಾ ಕೂತ.

ಎರಡನೆಯ ಕಲ್ಲನ್ನು ಎಸೆದವನೂ ಭಾಮೈದನೇ, ಕಂಡವನೂ ಅಳಿಯನೇ. ಆ ಕಲ್ಲಿಗೆ ಗಾಜಿನ ಚೂರು ಹಾರಿ ಮುದುಕಿಯ ಕೆನ್ನೆ ಸೀಳಿತು. ಅಂಗಡಿಯಲ್ಲಿ ಅಷ್ಟು ಅಗಲದ ಗಾಜು ಇರಲಿಲ್ಲ. ತರಿಸಿ, ಅಳೆದು, ಕೊಯ್ದು ಹಾಕುವಷ್ಟರಲ್ಲಿ ಸಂಜೆಯಾಯಿತು. ಅಲ್ಲಿಯವರೆಗೂ ಮುದುಕಿ ಕಂಬಳಿ ಹೊದ್ದು ಗಾಳಿಗೆ ಮುಖ ಕೊಟ್ಟು ಕೂತೇ ಇದ್ದಳು. ಅವಳನ್ನು ಎತ್ತಿ ಕೂರಿಸಲು ಆ ಮನೆಯಲ್ಲಿ ಬೇರೆ ಬೆಚ್ಚಗಿನ ಮೂಲೆಯಾದರೂ ಎಲ್ಲಿತ್ತು? ಇನ್ನೊಮ್ಮೆ ಹೀಗೆ ಕಾಯುವುದು ಬೇಡವೆಂದು ಅಳಿಯ ಅದೇ ಅಳತೆಯ ಇನ್ನೊಂದು ಗಾಜನ್ನು ಕೊಯ್ದು, ಮೂಲೆಯಲ್ಲಿ ನೀಲಿ ಪೆನ್ಸಿಲಿನಿಂದ ‘ನರ್ಸಮ್ಮ’ ಎಂದು ಬರೆದು, ಗೋಡೆಗೆ ಒರಗಿಸಿಟ್ಟ. ಅದು ದಯೆ ಎಂದೇ ಅವನು ನಂಬಿದ್ದ. ಕತೆ ಕೇಳಿದಾಗ ಮೊದಲು ನನಗೂ ಹಾಗೇ ಅನ್ನಿಸಿತ್ತು.

ಮೂರನೆಯದೂ ಅವನ ಕಣ್ಣೆದುರೇ ಆಯಿತು. ಆ ಕಲ್ಲು ಬಿದ್ದ ಮಾರನೆಯ ಬೆಳಿಗ್ಗೆ ನರ್ಸಮ್ಮ ರಜೆ ಹಾಕಿ ಅಂಗಡಿಗೆ ಬಂದಳು. ಅವಳು ಬಾಯಿ ತೆರೆಯುವ ಮುಂಚೆಯೇ ಅಳಿಯ ಒಂದಿಷ್ಟು ಹೆಮ್ಮೆಯಿಂದಲೇ, “ಈ ಸಲ ಕಾಯೋದೇ ಬೇಡ ನರ್ಸಮ್ಮ, ರೆಡಿ ಇದೆ” ಎಂದು ಗಾಜನ್ನು ಎಳೆದು ಬೆಳಕಿಗೆ ಹಿಡಿದ.

ಅವಳು ಮೂಲೆಯಲ್ಲಿದ್ದ ಅಕ್ಷರಗಳನ್ನು ಒಂದೊಂದಾಗಿ ಓದಿಕೊಂಡಳು. ಗಾಜಿನ ಮೇಲೆ ಧೂಳು ಕೂತಿತ್ತು. ಅದರಲ್ಲಿ ಬೆರಳಾಡಿಸಿ, ಬೆರಳನ್ನು ನೋಡಿಕೊಂಡಳು.

“ಇದನ್ನ ಯಾವಾಗ ಕತ್ತರಿಸಿದ್ರಿ?”

“ಹೋದ ತಿಂಗಳು.”

“ನನ್ನ ಕಿಟಕಿ ಒಡೆದದ್ದು ನಿನ್ನೆ.”

ಅಳಿಯನ ಕೈಯಲ್ಲಿ ಗಾಜು ಭಾರವಾಯಿತು. ಅದನ್ನು ಮರೆಮಾಡುವ ಹಾಗೂ ಇಲ್ಲ, ಗಾಜಿನ ಹಿಂದೆ ಯಾರು ತಾನೇ ಅಡಗಿಕೊಳ್ಳುತ್ತಾರೆ?

“ಮತ್ತೆ ಒಡೆಯುತ್ತೆ ಅಂತ ನಿಮಗೆ ಗೊತ್ತಿತ್ತು,” ಅವಳು ನಿಧಾನವಾಗಿ ಹೇಳಿದಳು. “ಯಾರು ಒಡೀತಾರೆ ಅಂತಾನೂ ಗೊತ್ತು. ನೀವು ಒಳ್ಳೆಯವರು ಅಂದ್ಕೊಂಡಿದ್ದೆ. ಗಾಜು ಬೇಡ. ಹಲಗೆ ಹೊಡೀರಿ.”

“ಅಮ್ಮನಿಗೆ ಕತ್ತಲಾಗುತ್ತಲ್ಲ?”

“ಕತ್ತಲಲ್ಲಿ ರಕ್ತ ಬರಲ್ಲ.”

ಅವನು ಹಲಗೆಗಳನ್ನು ಹೊತ್ತು ಬೀದಿ ದಾಟಿದ. ಅವಳ ಮನಸ್ಸು ಬದಲಾದರೆ ಇರಲಿ ಎಂದು ಗಾಜನ್ನೂ ಅದನ್ನು ಕೂರಿಸುವ ಪುಟ್ಟಿಯನ್ನೂ ತಂದು ಗೋಡೆ ಪಕ್ಕ ಇಟ್ಟ. ನರ್ಸಮ್ಮ ಒಳಕೋಣೆಯವರೆಗೂ ಹಾರಿದ್ದ ಚೂರು ಗುಡಿಸುತ್ತಿದ್ದಳು. ಮುದುಕಿ ಕುರ್ಚಿಯಲ್ಲಿದ್ದಳು. ಎದುರಂಗಡಿಯವನು ಇಷ್ಟು ಹತ್ತಿರ ಬಂದಿದ್ದು ಕಂಡು ಮುಖ ಅರಳಿಸಿದಳು. ಕೆಳಗಿನಿಂದ ಶುರುಮಾಡಿದ. ಮೊದಲ ಹಲಗೆಗೆ ಅವಳ ಮಡಿಲು ಮರೆಯಾಯಿತು, ಎರಡನೆಯದಕ್ಕೆ ಎದೆ. ಒಂದೊಂದು ಮೊಳೆ ಹೊಡೆದಾಗಲೂ ಮುದುಕಿ ಚಪ್ಪಾಳೆ ತಟ್ಟಿದಳು. ಅವನು ಏನು ಮಾಡುತ್ತಿದ್ದಾನೆಂದು ಅವಳಿಗೆ ತಿಳಿದಿರಲಿಲ್ಲ. ಮೂರನೆಯ ಹಲಗೆ ಬಾಯಿಯ ಮಟ್ಟಕ್ಕೆ ಬಂದಾಗ ಕಣ್ಣುಗಳು ಮಾತ್ರ ಉಳಿದವು, ಚಪ್ಪಾಳೆ ಮಾತ್ರ ಮರದ ಹಿಂದಿನಿಂದ ಕೇಳುತ್ತಲೇ ಇತ್ತು. ಅವನಿಗೆ ಅಳು ಬಂತು.

“ಭೇಷ್ ಭಾವ.” ಭಾಮೈದ ಹಿಂದೆ ಬಂದು ನಿಂತಿದ್ದ. “ನಾನು ಇಷ್ಟು ದಿನ ಕಲ್ಲು ಹೊಡೆದ್ರೂ ಆಗದೆ ಇದ್ದದ್ದನ್ನ ನೀವು ಒಂದು ಬೆಳಿಗ್ಗೇಲಿ ಮಾಡಿಬಿಟ್ರಿ.”

ಅಳಿಯ ಸುತ್ತಿಗೆ ಕೆಳಗಿಟ್ಟ. ಮತ್ತೆ ಎತ್ತಿಕೊಂಡು, ಅದರ ಸೀಳು ಬದಿಯಿಂದ ಈಗತಾನೇ ಹೊಡೆದ ಮೊಳೆಗಳನ್ನು ಕಿತ್ತ. ಹಲಗೆಗಳು ಒಂದೊಂದಾಗಿ ಬೀದಿಗೆ ಬಿದ್ದವು. ಸದ್ದಿಗೆ ಅಕ್ಕಪಕ್ಕದವರು ತಲೆ ಹೊರಹಾಕಿದರು. ಊರ ಉಸಾಬರಿ ನಮಗೇಕೆ ಎನ್ನುವವರಿಗೂ ಸದ್ದಾದರೆ ಇಣುಕದೆ ಇರಲಾಗುವುದಿಲ್ಲ ನೋಡಿ.

“ಕೇಳಿ ಎಲ್ಲಾರೂ,” ಎಂದ. ಸುತ್ತಿಗೆಯಿಂದ ಭಾಮೈದನ ಕಡೆ ತೋರಿಸಿದ. “ಈ ಕಿಟಕಿಗೆ ಕಲ್ಲು ಹೊಡೆದದ್ದು ಇವನು. ನನ್ನ ಹೆಂಡತಿ ತಮ್ಮ. ಮೂರು ಸಲಾನೂ ನಾನು ನೋಡಿದೀನಿ. ಬೆನ್ನಲ್ಲ, ಮುಖಾನೇ ನೋಡಿದೀನಿ.”

ಇಣುಕಿದ ತಲೆಗಳು ಒಳಹೋದವು. ಭಾಮೈದ ನಗಲು ನೋಡಿದ, ಆಗಲಿಲ್ಲ. “ಆಯ್ತು ಭಾವ, ನೋಡ್ಕೋತೀನಿ” ಎಂದು ಹೊರಟ. ಅಂಗಡಿ ಬಾಗಿಲಿಂದ ಮಾವ, “ಅಳಿಯಂದ್ರೇ, ಒಳಗೆ ಬನ್ನಿ” ಎಂದರು. ಅಳಿಯ ಕದಲಲಿಲ್ಲ. ಎರಡನೇ ಸಲ ಅವರು ಕರೆಯಲಿಲ್ಲ, ಷಟರ್ ಎಳೆದು ಬೀಗ ಹಾಕಿದರು. ಮಹಡಿಯ ಮೇಲಿಂದ ಹೆಂಡತಿ ಅವನನ್ನು ನೋಡಿದಳು. ಅವನು ತಲೆ ಎತ್ತಿ ಕಾದ. ಅವಳು ಪರದೆ ಎಳೆದಳು. ಇಷ್ಟು ವರ್ಷ ಆ ಮನೆಯೊಳಗೆ ಸಿಕ್ಕಿಕೊಂಡಿದ್ದವನು ಈಗ ಅದರ ಹೊರಗೆ ಸಿಕ್ಕಿಕೊಂಡ.

ಪೊರಕೆ ಹಿಡಿದೇ ನರ್ಸಮ್ಮ ಹೊರಗೆ ಬಂದಿದ್ದಳು. “ಪೊಲೀಸರ ಮುಂದೇನೂ ಇದನ್ನೇ ಹೇಳ್ತೀರಾ?”

“ಹೇಳ್ತೀನಿ. ಅವತ್ತು ಸುಳ್ಳು ಹೇಳಿದ್ದೆ ಅಂತಾನೂ ಹೇಳ್ತೀನಿ.”

ಅವಳು ನಂಬರ್ ಒತ್ತಿ ಫೋನನ್ನು ಅವನ ಕೈಗೆ ಕೊಟ್ಟಳು. ಅವನು ಹೇಳಿದ. ಆಮೇಲೆ ಗಾಜಿನ ಧೂಳು ಒರೆಸಿ, ನೀಲಿ ಅಕ್ಷರಗಳನ್ನು ಉಜ್ಜಿ ಅಳಿಸಿ, ಚೌಕಟ್ಟಿಗೆ ಕೂರಿಸಿ ಸುತ್ತಲೂ ಪುಟ್ಟಿ ತುಂಬಿದ. ಗಾಜು ಕೂದಲೆಳೆಯಷ್ಟೂ ತಪ್ಪದೆ ಕೂತಿತು.

“ಇನ್ನೊಂದು ಕತ್ತರಿಸಿ ಇಟ್ಟಿದ್ದೀರಾ?” ನರ್ಸಮ್ಮ ಕೇಳಿದಳು.

ಅವನು ಬೀಗ ಬಿದ್ದ ಅಂಗಡಿಯ ಕಡೆ ನೋಡಿದ.

“ಇಲ್ಲ,” ಎಂದ.

ಅವಳು ಪಕ್ಕಕ್ಕೆ ಸರಿದು ಬಾಗಿಲು ಬಿಟ್ಟಳು. ಅವನು ಒಳಗೆ ಹೋಗದೆ ಕಿಟಕಿಯ ಕೆಳಗಿನ ಮೆಟ್ಟಿಲ ಮೇಲೆ, ಸುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೀದಿಗೆ ಮುಖ ಮಾಡಿ ಕೂತ. ಪೊಲೀಸರು ಮೊದಲು ಬರುತ್ತಾರೋ ಭಾಮೈದ ಮೊದಲು ಬರುತ್ತಾನೋ ಅವನಿಗೆ ಗೊತ್ತಿರಲಿಲ್ಲ. ಗಾಜಿನಾಚೆ ಮುದುಕಿ ಚಪ್ಪಾಳೆ ತಟ್ಟಲಿಲ್ಲ. ಅವನ ಬೆನ್ನಿನ ನೇರಕ್ಕೆ, ಗಾಜಿನ ಮೇಲೆ ಅಂಗೈ ಇಟ್ಟು ಕೂತಿದ್ದಳು.